ಆಸರಿಗೆ ಬೆಲ್ಲ, ನೀರು, ವೈಫೈ

ಯಂತ್ರ ಹಟ ಮಾಡಿದರೆ ಅದರ ತಲೆಗೆ ಒಂದು ಬಿಡಬೇಕು, ಆಗ ತಾನಾಗಿ ಸರಿಹೋಗುತ್ತದೆ ಎಂದು ನಂಬಿದ ತಲೆಮಾರಿನವನು ನಾನು. ನಮ್ಮ ಮನೆಯ ರೇಡಿಯೋ ಪೆಟ್ಟು ತಿಂದೇ ಹಾಡುತ್ತಿತ್ತು. ಟೀವಿಗೆ ಬಲಪಕ್ಕೆಯ ಮೇಲೆ ಗುದ್ದಿದರೆ ಚಿತ್ರ, ಎಡಪಕ್ಕೆಯ ಮೇಲೆ ಗುದ್ದಿದರೆ ಧ್ವನಿ ಬರುತ್ತಿತ್ತು. ಎರಡೂ ಒಟ್ಟಿಗೆ ಬೇಕಾದಾಗ ನಾನು ಮತ್ತು ನನ್ನ ಹೆಂಡತಿ ನಾಗವೇಣಿ ಆಚೀಚೆ ನಿಂತು ಸೇವೆ ಸಲ್ಲಿಸುತ್ತಿದ್ದೆವು. ಆದ್ದರಿಂದ ರೂಟರ್ ಎಂಬ ವಸ್ತು ಮನೆಗೆ ಬಂದು ತೊಂದರೆ ಕೊಡತೊಡಗಿದಾಗ ಅದಕ್ಕೂ ಇದೇ ಮದ್ದು ಮಾಡಿದೆ. ಅದು ಹಗುರವೆಂದರೆ ಎಷ್ಟು ಹಗುರ! ನನ್ನ ಒಂದೇ ಪೆಟ್ಟಿಗೆ ವೈರಿನ ಸಮೇತ ಹಾರಿ ಟೆಲಿಫೋನ್ ಸ್ಟ್ಯಾಂಡಿನ ಹಿಂದೆ ಬಿತ್ತು. ಬಿದ್ದಲ್ಲಿಂದಲೂ ಹಸಿರು ದೀಪ ಮಿಣುಕಿಸುತ್ತ ನನ್ನನ್ನೇ ನೋಡುತ್ತಿತ್ತು. ಏಟು ತಿಂದರೂ ಮುಖ ಬದಲಾಗದ ಹುಡುಗರನ್ನು ಹೈಸ್ಕೂಲಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅಂಥವರ ಹತ್ತಿರ ನನ್ನ ಆಟ ಯಾವತ್ತೂ ನಡೆದಿಲ್ಲ.

ಸಿದ್ದಾಪುರ ಪೇಟೆಯ ಒಬ್ಬ ಕನ್ನಡ ಮಾಸ್ತರನಿಗೆ ಇಂಟರ್ನೆಟ್ಟಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಾನೊಬ್ಬ ಅಂಕಣಕಾರ. ಹುಬ್ಬಳ್ಳಿಯಿಂದ ಹೊರಡುವ ಒಂದು ವಾರಪತ್ರಿಕೆಯ ಒಳಪುಟದಲ್ಲಿ, ಮೂಲವ್ಯಾಧಿಯ ಜಾಹೀರಾತಿನ ಪಕ್ಕದಲ್ಲಿ, ನನ್ನ ನಗೆಬರಹ ಪ್ರತಿ ವಾರ ಬರುತ್ತಿತ್ತು. ಜಾಹೀರಾತನ್ನು ಓದಲು ಆ ಪುಟ ತೆಗೆದವರು ನನ್ನನ್ನೂ ಓದುತ್ತಿದ್ದರು. ಊರಿನಲ್ಲಿ ನನಗಿದ್ದ ಮರ್ಯಾದೆಯೆಲ್ಲ ಅದರಿಂದಲೇ ಬಂದದ್ದು. ಇಪ್ಪತ್ತು ವರ್ಷ ಹಳಗನ್ನಡ ಕಲಿಸಿದ್ದಕ್ಕೆ ಯಾರೂ ಎದ್ದು ನಿಂತು ಬಸ್ಸಿನಲ್ಲಿ ಸೀಟು ಕೊಟ್ಟವರಿಲ್ಲ. ಅಂಕಣ ಶುರುವಾದ ಮೇಲೆ ಕೊಟ್ಟರು. ತೊಂಬತ್ತರ ದಶಕದಲ್ಲಿ ಲೇಖನ ಕಳಿಸುವುದು ಬಲು ಸುಲಭವಿತ್ತು. ಲಕೋಟೆಗೆ ಹಾಕಿ ಹುಬ್ಬಳ್ಳಿ ಬಸ್ಸಿನ ಡ್ರೈವರನ ಕೈಗೆ ಕೊಟ್ಟರೆ ಆಯಿತು, ಪತ್ರಿಕೆಯವರು ಸ್ಟ್ಯಾಂಡಿಗೆ ಬಂದು ಇಳಿಸಿಕೊಳ್ಳುತ್ತಿದ್ದರು. ಎರಡು ಸಾವಿರದ ಎಂಟೊಂಬತ್ತರ ಸುಮಾರಿಗೆ ಸಂಪಾದಕರು, ಇನ್ನು ಮೇಲೆ ಈಮೇಲಿನಲ್ಲಿ ಬಂದರೆ ಮಾತ್ರ ಲೇಖನ ಎಂದು ಫರ್ಮಾನು ಹೊರಡಿಸಿದರು. ಅದಕ್ಕಾಗಿ ನಾನು ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡೆ, ಫೋನಿನ ತಂತಿಯಲ್ಲೇ ಬರುವ ಬ್ರಾಡ್‌ಬ್ಯಾಂಡ್ ಹಾಕಿಸಿದೆ. ರೂಟರ್ ಅದರ ಜೊತೆಗೇ ಬಂತು.

ಫೋನು ಇದ್ದದ್ದು ಜಗುಲಿಯಲ್ಲಿ, ಹಾಗಾಗಿ ರೂಟರೂ ಅಲ್ಲೇ ಕೂತಿತು. ನಾನು ಬರೆಯುವ ಕೋಣೆ ಹಿಂದುಗಡೆ, ಅಡುಗೆಮನೆಗೆ ಒತ್ತಿಕೊಂಡು. ನಡುವೆ ಎರಡು ಚಿರೆಕಲ್ಲಿನ ಗೋಡೆ. ನನ್ನಜ್ಜ ಆ ಗೋಡೆ ಕಟ್ಟಿಸುವಾಗ ಕಳ್ಳರನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡಿದ್ದನೇ ಹೊರತು ವೈಫೈಯನ್ನಲ್ಲ. ಸಿಗ್ನಲ್ಲು ನಡುಮನೆಯವರೆಗೆ ಬಂದು, ಸಂಕೋಚದ ನೆಂಟರ ಹಾಗೆ ಅಲ್ಲೇ ನಿಂತುಬಿಡುತ್ತಿತ್ತು. ಜಗುಲಿಯಲ್ಲೇ ಕೂತು ಬರೆಯೋಣವೆಂದರೆ ಆಗದ ಮಾತು. ಜಗುಲಿಯ ಮೇಲೆ ಮನುಷ್ಯ ಕೂತಿದ್ದಾನೆ ಎಂದರೆ ಅವನು ಮಾತಾಡಲು ಸಿಕ್ಕಿದ್ದಾನೆ ಎಂದೇ ನಮ್ಮ ಕಡೆಯ ಅರ್ಥ. ಲ್ಯಾಪ್‌ಟಾಪ್ ತೆರೆದುಕೊಂಡು ಕೂತರೆ ಇನ್ನೂ ಅನುಕೂಲ, ಮಾತು ಶುರುಮಾಡಲು ವಿಷಯ ಹುಡುಕಬೇಕಾಗಿಲ್ಲ. ಲೇಖನ ಮುಟ್ಟಬೇಕಾದದ್ದು ಶನಿವಾರ. ಎರಡು ಶನಿವಾರ ನನ್ನ ಲೇಖನ ತಡವಾಯಿತು. ಒಂದು ವಾರವಂತೂ ಹೋಗಲೇ ಇಲ್ಲ. ಅದರ ಜಾಗದಲ್ಲಿ ಯಲ್ಲಾಪುರದ ಒಬ್ಬ ಹೋಮಿಯೋಪತಿ ಡಾಕ್ಟರು ತಮ್ಮ ರೋಗಿಗಳ ಬಗ್ಗೆ ಬರೆದ ನಗೆಬರಹ ಬಂತು. ಓದಿದೆ. ನಗು ಬಂತು. ಮೂರು ದಿನ ಊಟ ರುಚಿಸಲಿಲ್ಲ.

ಇಲ್ಲಿ ಆಸರಿಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ನಮ್ಮ ಹವ್ಯಕರ ಮನೆಗೆ ಯಾರೇ ಬರಲಿ, ಚಪ್ಪಲಿ ಬಿಡುವ ಮೊದಲೇ ಕೇಳುವ ಪ್ರಶ್ನೆ, "ಆಸರಿಗೆ ಎಂತ ಬೇಕು?" ಬಾಯಾರಿಕೆಗೆ ಏನು ಕೊಡಲಿ ಎಂದರ್ಥ. ಬೆಲ್ಲ ನೀರೋ ಮಜ್ಜಿಗೆಯೋ ಕಷಾಯವೋ, ಒಂದು ಗುಟುಕಾದರೂ ಕುಡಿಯದೆ ಹೋದರೆ ಮನೆಯವರ ಮುಖ ಬಾಡುತ್ತದೆ. ನಾಗವೇಣಿ ಈ ಕಾಯಿದೆಯನ್ನು ಕಾಲಕ್ಕೆ ತಕ್ಕಂತೆ ತಿದ್ದುಪಡಿ ಮಾಡುತ್ತ ಬಂದವಳು. ಮೊದಲು ನಮ್ಮ ಓಣಿಗೆಲ್ಲ ನಮ್ಮ ಮನೆಯದೊಂದೇ ಫೋನಿದ್ದಾಗ ಎಲ್ಲರೂ ನಮ್ಮದನ್ನೇ ಪಿಪಿ ನಂಬರೆಂದು ಕೊಟ್ಟಿದ್ದರು. ಫೋನು ಬಂದಾಗ ಓಡಿಹೋಗಿ ಕರೆತರುವುದಷ್ಟೇ ಅಲ್ಲ, ಬಂದವರು ಮಾತಾಡಿ ಮುಗಿಸಿದ ಮೇಲೆ ಗಂಟಲು ಒಣಗಿದೆಯೆಂದು ಅವಳು ಮಜ್ಜಿಗೆಯನ್ನೂ ಕೊಡುತ್ತಿದ್ದಳು. ಈಗ ವೈಫೈ ಬಂತಲ್ಲ, ಅದೂ ಆಸರಿಯ ಪಟ್ಟಿಗೆ ಸೇರಿತು. ಪಾಸ್‌ವರ್ಡನ್ನು ಅವಳೇ ಇಟ್ಟಿದ್ದಳು, ಹೇಳಲು ಸುಲಭವಾಗಲಿ ಎಂದು, ಇಂಗ್ಲಿಷ್ ಅಕ್ಷರದಲ್ಲಿ 'ಬೆಲ್ಲನೀರು.' ಹೆಗಲಲ್ಲಿ ಲ್ಯಾಪ್‌ಟಾಪಿನ ಚೀಲ ಇದ್ದವರು ಯಾರೇ ಬಂದರೂ ಲೋಟದ ಜೊತೆಗೆ ಇದನ್ನೂ ಹೇಳುತ್ತಿದ್ದಳು. ಒಮ್ಮೆ ಇನ್ಶೂರೆನ್ಸ್ ಮಾಡಿಸಲು ಬಂದವನೊಬ್ಬ ನಾನು ಪಾಲಿಸಿ ಬೇಡವೆಂದ ಮೇಲೂ ಒಂದು ತಾಸು ಕೂತು, ಬೇರೆ ಗಿರಾಕಿಗಳಿಗೆಲ್ಲ ಮೇಲ್ ಕಳಿಸಿ ಹೋದ.

"ಇದು ಪುಕ್ಕಟೆ ಬಪ್ಪದಲ್ಲ ಮಾರಾಯ್ತಿ," ಎಂದೆ ನಾನು.

"ಗಾಳಿಲಿ ಬಪ್ಪದು. ಅವು ತಗಂಡ್ರೆ ಎಂತ ಖರ್ಚಾಗ್ತು?" ಎಂದಳು ಅವಳು. ಲೆಕ್ಕ ಹಾಕಿದರೆ ಅದೂ ನಿಜ. ನಮ್ಮದು ಎಷ್ಟು ಬಳಸಿದರೂ ಒಂದೇ ಬಿಲ್ಲಿನ ಪ್ಲಾನು.

ಹೊಸ ರೂಟರ್ ಕೊಳ್ಳಬೇಕೋ ಬೇಡವೋ ಎಂದು ನಾನು ತೀರ್ಮಾನಿಸಲು ತೆಗೆದುಕೊಂಡ ಕಾಲದಲ್ಲಿ ಬೇರೆಯವರು ಹೆಣ್ಣು ನೋಡಿ ಮದುವೆ ಮಾಡಿ ಮುಗಿಸುತ್ತಾರೆ. ಹಳೆಯದು ಕೆಟ್ಟಿರಲಿಲ್ಲ, ಅದೇ ಸಂಕಟ. ಕೆಟ್ಟರೆ ಹೊಸದು ತರಬಹುದು, ಕೆಡದೇ ಇರುವುದನ್ನು ಬದಲಿಸುವುದು ನಮ್ಮ ಮನೆತನದಲ್ಲೇ ಇಲ್ಲ. ಸ್ಟಾಫ್ ರೂಮಿನಲ್ಲಿ ವಿಷಯ ಇಟ್ಟೆ. ಗಣಿತದವರು, ಗೋಡೆಯ ದಪ್ಪ ಎಷ್ಟು ಎಂದು ಕೇಳಿದರು. ಸಮಾಜದವರು, ಅದರ ಬದಲು ಗೋಡೆಗೆ ಒಂದು ಕಿಟಕಿ ಇಡಿಸಿ, ಗಾಳಿಯೂ ಬರುತ್ತದೆ ಎಂದರು. ಡ್ರಿಲ್ ಮಾಸ್ತರರು, ಲ್ಯಾಪ್‌ಟಾಪ್ ಹಿಡಿದು ಜಗುಲಿಗೆ ಓಡಿಬಂದರೆ ಹೊಟ್ಟೆಯೂ ಕರಗುತ್ತದೆ ಎಂದು ನನ್ನ ಹೊಟ್ಟೆ ನೋಡಿದರು. ಒಂದು ದಿನ ಬೇಕೇ ಬೇಕು ಅನಿಸಿದರೆ ಮರುದಿನ ಅದೇ ದುಡ್ಡಿಗೆ ಸ್ಕೂಟರಿಗೆ ಹೊಸ ಟೈರು ಹಾಕಿಸಬಹುದಲ್ಲ ಅನಿಸುತ್ತಿತ್ತು. ಇದರ ನಡುವೆ ಗುಡುಗಿನ ಕಾಲ ಬಂತು. ನಮ್ಮಲ್ಲಿ ಬಡಗುದಿಕ್ಕಿನಲ್ಲಿ ಚೂರು ಗುಡುಗಿದರೂ ಸಾಕು, ಮನೆಮಂದಿಯೆಲ್ಲ ಎದ್ದು ಟೀವಿ, ಫೋನು, ಮಿಕ್ಸಿ, ಕಂಡ ಕಂಡ ವೈರನ್ನೆಲ್ಲ ಕಿತ್ತಿಡುತ್ತೇವೆ. ಸಿಡಿಲು ಬಡಿದು ಹಳೆಯ ರೂಟರ್ ತಾನಾಗಿ ಹೋದರೆ ನನ್ನ ತಲೆಬಿಸಿ ಮುಗಿಯಿತಲ್ಲ ಎಂಬ ಆಸೆಯಿಂದ ನಾನು ಒಂದೆರಡು ಸಲ ಅದರ ವೈರು ಕೀಳಲು ಮರೆತೆ. ನಾಗವೇಣಿ ಮರೆಯಲಿಲ್ಲ.

ಕೊನೆಗೆ ಯಲ್ಲಾಪುರದ ಡಾಕ್ಟರೇ ತೀರ್ಮಾನ ಮಾಡಿಸಿದರು. ಅವರ ಎರಡನೆಯ ಲೇಖನ ಮೊದಲನೆಯದಕ್ಕಿಂತ ಚೆನ್ನಾಗಿತ್ತು. ಮರುದಿನವೇ ನಾನು ಶಿರಸಿ ಬಸ್ಸು ಹತ್ತಿದೆ.

ಕಂಪ್ಯೂಟರ್ ಅಂಗಡಿಯವನು ಹಾವೇರಿ ಕಡೆಯವನು, "ಬರ್ರಿ ಸರ್" ಎಂದು ಕುರ್ಚಿ ಕೊಟ್ಟ. ಒಂದು ಆಂಟೆನಾದ್ದು, ಎರಡರದ್ದು, ಮೂರರದ್ದು ಎಂದು ಸಾಲಾಗಿ ಇಟ್ಟ. ಮೂರು ಕೋಡಿನದನ್ನು ಮುಂದೆ ತಳ್ಳಿ, "ಇದನ್ನ ಒಯ್ರಿ ಸರ್. ಚಿರೆಕಲ್ಲಿರ್ಲಿ, ಕರೆಕಲ್ಲಿರ್ಲಿ, ದಾಟ್ಕೊಂಡ್ ಹೋಗ್ತದ. ನಿಮ್ಮ ಮನಿ ಒಂದಽ ಅಲ್ಲ, ಇಡೀ ಓಣಿಗೆ ಬರ್ತದ್ರಿ!" ಎಂದ. ಇಡೀ ಓಣಿಗೆ ಬರುತ್ತದೆ ಎಂಬುದನ್ನು ಅವನು ಹೊಗಳಿಕೆಯಾಗಿ ಹೇಳಿದ, ನಾನೂ ಹೊಗಳಿಕೆಯಾಗಿಯೇ ಕೇಳಿದೆ. ಕೊಟ್ಟ ದುಡ್ಡಿಗೆ ಓಣಿಯಷ್ಟು ಉದ್ದ ಸಿಗುತ್ತದೆ ಎಂದರೆ ಯಾರಿಗೆ ಬೇಡ? ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ.

ಜಗುಲಿಯಿಂದ ಉದ್ದ ವೈರು ಎಳೆದು ಹೊಸ ರೂಟರನ್ನು ನಡುಮನೆಯ ಕಪಾಟಿನ ನೆತ್ತಿಗೆ ಏರಿಸಿದೆ. ಪಾಸ್‌ವರ್ಡ್ ಹಳೆಯದೇ ಇರಲಿ, ಬಂದವರಿಗೆ ಗೊಂದಲ ಬೇಡ ಎಂದಳು ನಾಗವೇಣಿ. ನನ್ನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದರೆ ಮೂಲೆಯ ಸಿಗ್ನಲ್ ಕಡ್ಡಿಗಳೆಲ್ಲ ಹಸಿರು. ಎದೆ ತುಂಬಿ ಬಂತು. ಡಾಕ್ಟರರ ನಗೆ ಇನ್ನು ಯಲ್ಲಾಪುರದಲ್ಲೇ ಇರಲಿ ಎಂದುಕೊಂಡು ಈಮೇಲಿನ ಅಂಚೆಪೆಟ್ಟಿಗೆ ತೆರೆಯಲು ಒತ್ತಿದೆ. ಒಂದು ಚಕ್ರ ತಿರುಗತೊಡಗಿತು. ನಾನು ಸ್ನಾನ ಮುಗಿಸಿ ಬಂದೆ, ತಿರುಗುತ್ತಿತ್ತು. ತಿಂಡಿ ತಿಂದೆ, ಶಾಲೆಗೆ ಹೋಗಿ ಬಂದೆ, ಆಗಲೂ ತಿರುಗುತ್ತಿತ್ತು. ಕಡ್ಡಿಗಳು ಪೂರ್ತಿ ಇವೆ, ಏನೂ ಬರುತ್ತಿಲ್ಲ. ಮೊದಲಾದರೋ ಸಿಗ್ನಲ್ಲೇ ಇರಲಿಲ್ಲ, ಬೈಯಲು ಗೋಡೆಯಾದರೂ ಇತ್ತು.

ತಲೆಗೆ ಗಾಳಿ ಬೇಕೆಂದು ಸಂಜೆ ಓಣಿಯಲ್ಲಿ ತಿರುಗಾಡಲು ಹೊರಟೆ. ರಜೆಗೆ ಮನೆಗೆ ಬಂದ ಕಾಲೇಜು ಮಕ್ಕಳು ಓಣಿಯ ತುಂಬ. ಮಂಜುನಾಥ ನಾಯ್ಕರ ಅಂಗಳದ ಕಟ್ಟೆಯ ಮೇಲೆ ಇಬ್ಬರು ಲ್ಯಾಪ್‌ಟಾಪಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಎದುರು ಮನೆಯ ಮಾಳಿಗೆಯ ಬಾಡಿಗೆಯವರು ದುಬೈಯಲ್ಲಿದ್ದ ತಮ್ಮನ ಜೊತೆ ಮುಖ ನೋಡಿಕೊಂಡು ಮಾತಾಡುತ್ತಿದ್ದರು. ನನ್ನನ್ನು ಕಂಡದ್ದೇ, "ಮಾಸ್ತರ್ರೆ, ಹೊಸ ರೂಟರ್ ಏಕ್‌ದಂ ಫಸ್ಟ್‌ಕ್ಲಾಸ್!" ಎಂದು ಮೇಲಿನಿಂದಲೇ ಕೈ ಬೀಸಿದರು. ಪರದೆಯಲ್ಲಿದ್ದ ತಮ್ಮನೂ ಬೀಸಿದ. ಆಗ ಅರ್ಥವಾಯಿತು. ತಂತಿಯಲ್ಲಿ ಬರುವುದು ಮೊದಲಿನಷ್ಟೇ, ಸಣ್ಣ ನಲ್ಲಿಯ ನೀರಿನ ಹಾಗೆ. ನಾನು ದುಡ್ಡು ಕೊಟ್ಟು ತಂದದ್ದು ಹೆಚ್ಚು ನೀರನ್ನಲ್ಲ, ಹೆಚ್ಚು ಕೊಡಗಳನ್ನು. ನಾಗವೇಣಿಯಿಂದ ಎಂದೋ ಆಸರಿ ಪಡೆದಿದ್ದವರೆಲ್ಲ ಈಗ ತಂತಮ್ಮ ಮನೆಯಲ್ಲೇ ಕೂತು ಕುಡಿಯುತ್ತಿದ್ದರು.

"ಪಾಸ್‌ವರ್ಡ್ ಬದಲಿಸ್ತೆ ನೋಡು," ಎಂದು ಮನೆಗೆ ಬಂದವನೇ ಹಾರಾಡಿದೆ.

ನಾಗವೇಣಿ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. "ಬಂದವಕ್ಕೆ ಆಸರಿ ಕೊಟ್ಟಿಕ್ಕಿ, ಅವು ಕುಡೀತಾ ಇಪ್ಪಕಾದ್ರೆ ಲೋಟ ಕಸ್ಕಂಬಲೆ ಆಗ್ತಾ? ನಿಂಗಕ್ಕೆ ಮುಖ ಹೇಂಗೆ ಬತ್ತು? ನಾಳೆ ಓಣಿಲಿ ಆನು ತಿರುಗಡದಾ?"

ನಮ್ಮ ಕಡೆ ಬಡಿಸುವ ಯಜಮಾನ ಉಣ್ಣುವುದು ಕಟ್ಟಕಡೆಯ ಪಂಕ್ತಿಯಲ್ಲಿ. ಪಾಯಸ ಉಳಿದರೆ ಅವನ ಪುಣ್ಯ. ಇಂಟರ್ನೆಟ್ಟಿನಲ್ಲೂ ನನ್ನದು ಅದೇ ಪಂಕ್ತಿಯೆಂದು ತಿಳಿದು ಸಿಟ್ಟು ಬಂತು, ದುಃಖವೂ ಆಯಿತು, ಆದರೆ ಅವಳು ಹೇಳಿದ್ದು ಸುಳ್ಳು ಎಂದು ಮಾತ್ರ ಅನಿಸಲಿಲ್ಲ.

ಶನಿವಾರ ಬಂತು, ಶಾಲೆ ಅರ್ಧ ದಿನ. ಮಧ್ಯಾಹ್ನ ಸಂಪಾದಕರ ಫೋನು. "ಏನ್ರೀ ಮಾಸ್ತರ, ನಾಲ್ಕರ ಒಳಗ ಬರ್ಬೇಕು ನೋಡ್ರಿ. ಇಲ್ಲಂದ್ರ ಆ ಜಾಗಾ ಡಾಕ್ಟರಿಗೇ ಕಾಯಂ ಮಾಡ್ತೀನಿ. ನಿಮಗೂ ವಯಸ್ಸಾತು." ಲೇಖನ ಸಿದ್ಧವಿತ್ತು. ಕಳಿಸು ಎಂದು ಒತ್ತಿದೆ. ಚಕ್ರ ತಿರುಗಿತು. ಗಡಿಯಾರದ ಮುಳ್ಳು ಮೂರು ದಾಟಿತು, ಮೂರೂವರೆಯನ್ನೂ ದಾಟಿತು. ನನಗೆ ಬೆವರು. ನಾಗವೇಣಿ ಬಂದು ನೋಡಿದಳು. ಅವಳಿಗೂ ಮರುಕ ಬಂತೆಂದು ಕಾಣುತ್ತದೆ. "ಹಿಂದಿನ ಮನೆ ಗಣಪತಿ ಭಾವನಲ್ಲಿ ಈಗ ನೆಟ್ಟು ಭಾರೀ ಚೊಲೋ ಬತ್ತಡ. ಲಗೂನೆ ಹೋಗಿ ಕಳಿಸಿಕ್ಕಿ ಬನ್ನಿ," ಎಂದಳು.

ಗಣಪತಿ ಹೆಗಡೆ ಸೊಸೈಟಿಯಲ್ಲಿ ಕೆಲಸಕ್ಕಿರುವವನು, ಶನಿವಾರ ಮಧ್ಯಾಹ್ನವೇ ಮನೆಗೆ ಬರುವವನು, ನನ್ನ ವಾರಿಗೆಯವನು, ಸಂಬಂಧ ಹುಡುಕಿದರೆ ಭಾವನೇ ಆಗಬೇಕು. ಬ್ರಾಡ್‌ಬ್ಯಾಂಡಿಗೆ ಅರ್ಜಿ ಕೊಡುತ್ತೇನೆ ಎಂದು ಬಹಳ ದಿನದಿಂದ ಹೇಳುತ್ತಿದ್ದ. ಅಂತೂ ಹಾಕಿಸಿಕೊಂಡಿರಬೇಕು ಎಂದುಕೊಂಡು ಲ್ಯಾಪ್‌ಟಾಪನ್ನು ಕೂಸಿನಂತೆ ಎತ್ತಿಕೊಂಡು ಓಡಿದೆ.

"ಬನ್ನಿ ಭಾವ, ಕುತ್ಗಳಿ. ಆಸರಿಗೆ ಎಂತ ಬೇಕು?"

"ಆಸರಿ ಬೇಡ ಮಾರಾಯ, ನೆಟ್ ಬೇಕು," ಎಂದೆ.

"ಅದಕ್ಕೆಂತ, ಧಾರಾಳ ತಗಳಿ," ಎಂದ ಗಣಪತಿ.

ಲ್ಯಾಪ್‌ಟಾಪ್ ತೆರೆದೆ. ಪಾಸ್‌ವರ್ಡ್ ಏನೆಂದು ಕೇಳಬೇಕು ಎನ್ನುವಷ್ಟರಲ್ಲಿ ಅದು ತಾನಾಗಿಯೇ ಸೇರಿಕೊಂಡಿತು. ನಮ್ಮ ಮನೆಯ ನಾಯಿ ಪಕ್ಕದ ಅಂಗಳದಲ್ಲಿ ಸಿಕ್ಕಿ ಬಾಲ ಅಲ್ಲಾಡಿಸಿದ ಹಾಗಾಯಿತು. ನೋಡಿದರೆ ನಮ್ಮದೇ ಹೆಸರು, ನಮ್ಮದೇ ಬೆಲ್ಲನೀರು. ಕಡ್ಡಿಗಳೆಲ್ಲ ಇಲ್ಲಿಯೂ ಹಸಿರು, ಚಕ್ರ ಇಲ್ಲಿಯೂ ತಿರುಗುತ್ತಿತ್ತು. ನಾನು ಹಣೆ ಹಿಡಿದುಕೊಂಡು ಕೂತೆ. ಹತ್ತು ನಿಮಿಷದಲ್ಲಿ ನನ್ನ ಅಂಕಣ ಯಲ್ಲಾಪುರದ ಪಾಲು.

ಗಣಪತಿ ನನ್ನ ಮುಖ ನೋಡಿದ, ಪರದೆ ನೋಡಿದ. ನೆಂಟನನ್ನು ಎಲೆಯ ಮುಂದೆ ಕೂರಿಸಿ ಅನ್ನ ತಡವಾದಾಗ ಮನೆಯ ಯಜಮಾನನಿಗೆ ಆಗುವಂಥ ಅವಮಾನ ಅವನಿಗಾಯಿತು. ಒಳಗಿದ್ದ ಮಗಳ ಕಡೆ ಹೊರಳಿ ಗುಡುಗಿದ. "ಏ ಕೂಸೆ, ಮನೆಗೆ ನೆಂಟ್ರು ಬಂಜ! ಆ ಸಿನೆಮಾ ಇಳಿಸದು ನಿಲ್ಸು, ಮೊದ್ಲು ಅವಕ್ಕೆ ಆಗ್ಲಿ!" ಅಷ್ಟಕ್ಕೇ ಬಿಡಲಿಲ್ಲ. ಬೇಲಿಯ ಹತ್ತಿರ ಹೋಗಿ ಕೂಗಿದ. "ನಾಯ್ಕರೇ, ನಮ್ಮನೆಗೆ ನೆಂಟ್ರು ಬಂದಿದಾರೆ! ನಿಮ್ಮ ಹುಡುಗ್ರಿಗೆ ಚೂರು ನೆಟ್ ನಿಲ್ಸೂಕೆ ಹೇಳಿ!"

"ಹೋ, ಆತು ಹೆಗಡೇರೆ! ಇವ್ರ ಕ್ರಿಕೆಟ್ ಏನ್ ಓಡಿ ಹೋಗ್ತದಾ?" ಎಂದು ನಾಯ್ಕರ ಉತ್ತರ ಬಂತು. ಅವರು ಎದುರು ಮಾಳಿಗೆಗೂ ಕೂಗಿ ಹೇಳಿದ್ದು ಕೇಳಿಸಿತು. ದುಬೈಯ ತಮ್ಮನನ್ನೂ ನಿಲ್ಲಿಸಿದರು. ಗಣಪತಿಯ ಮನೆಗೆ ಬಂದ ನೆಂಟನಿಗೋಸ್ಕರ ಇಡೀ ಓಣಿ ಕೈ ಎತ್ತಿ ಕೂತಿತು. ನನ್ನ ಲೇಖನ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹುಬ್ಬಳ್ಳಿ ಮುಟ್ಟಿತು. 'ಬಂತ್ರಿ' ಎಂದು ಸಂಪಾದಕರ ಉತ್ತರವೂ ನಾಲ್ಕಕ್ಕೆ ಮೊದಲೇ ಬಂತು. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತೆಂದರೆ ಸುಳ್ಳಲ್ಲ.

ಗಣಪತಿಯ ಹೆಂಡತಿ ಬೆಲ್ಲ, ನೀರು ತಂದಿಟ್ಟರು. ಗಣಪತಿ ಗೆದ್ದ ಮುಖ ಮಾಡಿಕೊಂಡು ಎದುರು ಕೂತ. "ಮೊದ್ಲು ಯಂಗ್ಳಲ್ಲಿ ಬರೀ ಬಾವಿಕಟ್ಟೆ ಹತ್ರ ನಿಂತ್ರೆ ಸಿಕ್ತಿತ್ತು ಭಾವ. ನಿಂಗ ಹೊಸಾದು ತಂದ ಮೇಲೆ ಅಡುಗೆಮನೆ ವರೆಗೂ ಬತ್ತು. ದುಡ್ಡು ಹಾಕಿದ್ದು ದಂಡ ಆಜಿಲ್ಲೆ ನೋಡಿ!"

ಹೊಸ ರೂಟರಿಗೆ ಹಾಕುವ ದುಡ್ಡು ದಂಡವೋ ಅಲ್ಲವೋ ಎಂದು ತಿಂಗಳುಗಟ್ಟಲೆ ನಾನು ಯಾರ್ಯಾರನ್ನೋ ಕೇಳುತ್ತ ಬಂದಿದ್ದ ಪ್ರಶ್ನೆಗೆ ಖಚಿತವಾದ ಉತ್ತರ ಸಿಕ್ಕಿದ್ದು ಅದೊಂದೇ. ಅಂದಿನಿಂದ ಪ್ರತಿ ಶನಿವಾರ ಮೂರೂವರೆಗೆ ನಾನು ಅಂಗಿ ಬದಲಿಸಿ, ತಲೆ ಬಾಚಿ, ಗಣಪತಿಯ ಮನೆಗೆ ನೆಂಟನಾಗಿ ಹೊರಡುತ್ತೇನೆ. ಬೇಲಿ ದಾಟುವಾಗ ನಮ್ಮ ಜಗುಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತ ಯಾರಿಗೋ ನಾಗವೇಣಿ ಲೋಟ ಕೊಡುತ್ತ ಹೇಳುವುದು ಕೇಳಿಸುತ್ತದೆ:

"ಅವು ಮನೆಲಿ ಇಲ್ಲೆ. ನೆಟ್ ಇಪ್ಪಲ್ಲಿಗೆ ಹೋಯ್ದ."