ಉಣ್ಣುವಾಗ ಹೊಡೆಯಿರಿ ಎಂದ ಪುಸ್ತಕದ ಕರ್ತೃಗಳಿಗೆ

ಶಿಕಾರಿಪುರ, ಶುಕ್ರವಾರ

‘ಹೊಸಬರ ಗುಹೆ’ ಎಂಬ ಸಾಹಸದ ಆಟದ ಪುಸ್ತಕ ಬರೆದ ಮಹನೀಯರಿಗೆ

ಮಾನ್ಯರೇ,

ತಾವು ಯಾವ ಸಮುದ್ರದಾಚೆ, ಯಾವ ಕುರ್ಚಿಯಲ್ಲಿ ಕೂತು ಗುಹೆಗಳನ್ನು ತೋಡುತ್ತಿದ್ದೀರೋ ತಿಳಿಯದು; ಎಲ್ಲಿದ್ದರೂ ತಮಗೂ, ತಮ್ಮ ಗಾಬ್ಲಿನ್ ಎಂಬ ಕುಳ್ಳ ಭೂತಗಳಿಗೂ, ಮನೆಯಲ್ಲಿ ಡ್ರ್ಯಾಗನ್ ಸಾಕಿದ್ದರೆ ಅದಕ್ಕೂ, ಶಿಕಾರಿಪುರದ ನಾಲ್ವರು ಆಟಗಾರರ ನಮಸ್ಕಾರಗಳು. ನಾಲ್ವರಲ್ಲಿ ಒಬ್ಬರು ಎರಡು ವಾರದಿಂದ ಆಟಕ್ಕೆ ಬಂದಿಲ್ಲ, ಈ ಪತ್ರ ಅದರ ಕುರಿತೇ.

ನಾನು ವಾಗ್ದೇವಿ, ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಉಪನ್ಯಾಸಕಿ ದಿವ್ಯ ತಮ್ಮ ಪುಸ್ತಕ ತರಿಸಿ, ಭಾನುವಾರ ಮಧ್ಯಾಹ್ನ ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡಳು. ಅವಳು ಕಥೆ ಓದಬೇಕು, ನಾವು ಕಥೆಯೊಳಗಿನ ವೀರರಾಗಿ ಏನು ಮಾಡುತ್ತೇವೆಂದು ಹೇಳಬೇಕು, ಅದು ನಡೆಯುತ್ತದೋ ಇಲ್ಲವೋ ಎಂದು ಇಪ್ಪತ್ತು ಮುಖದ ದಾಳ ತೀರ್ಮಾನಿಸಬೇಕು. ನಾನು ಮಂತ್ರವಾದಿಯಾದೆ. ಸೊರಬದ ಬಸ್ಸಿನ ಕಂಡಕ್ಟರ್ ನಾಗೇಶ್ ತಾನಾಗಿಯೇ ಕಳ್ಳನ ಪಾತ್ರ ಆರಿಸಿಕೊಂಡ. ನಾವು ಯಾರೂ ಒತ್ತಾಯಿಸಲಿಲ್ಲ.

ಖಡ್ಗ ಹಿಡಿದವರು ಪಕ್ಕದ ಮನೆಯ ವರದಮ್ಮ. ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳಿಗೆ ಬಡಿಸಿ, ಮನೆಗೆ ಬಂದು ಮನೆಯವರಿಗೆ ಬಡಿಸಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಂಡವರು. ತಮ್ಮ ವೀರೆಗೆ ಸುಂಕಲಮ್ಮ ಎಂದು ಹೆಸರಿಟ್ಟು, ಅವಳ ವಿವರ ತುಂಬುವ ಹಾಳೆಯಲ್ಲಿ ‘ಸ್ವಭಾವ’ ಎಂಬಲ್ಲಿ ಬಹಳ ಹೊತ್ತು ಯೋಚಿಸಿ, ‘ಎಲ್ಲರಿಗಿಂತ ಮೊದಲು ಉಣ್ಣುತ್ತಾಳೆ’ ಎಂದು ಬರೆದರು. ಪೆನ್ಸಿಲ್‌ನಲ್ಲಿ ಬರೆಯಿರಿ ಎಂದು ತಾವು ಅಪ್ಪಣೆ ಕೊಡಿಸಿದ್ದೀರಿ. ಪೆನ್ಸಿಲ್‌ನಲ್ಲಿ ಬರೆದದ್ದು ರಿಜಿಸ್ಟರ್ ಅಲ್ಲ ಎಂಬ ಸೇವಾನಿಷ್ಠೆಯಿಂದ ಅವರು ಎಷ್ಟು ಏಟು ತಾಳಬಲ್ಲಳೆಂದು ಹೇಳುವ ಜೀವದ ಅಂಕ ಏಳು ಎಂಬುದನ್ನೂ ನೀಲಿ ಪೆನ್ನಿನಲ್ಲೇ ನಮೂದಿಸಿದರು.

ಇನ್ನು ತಮ್ಮ ಗುಹೆಯ ಮೂರನೆಯ ಕೊಠಡಿಗೆ ಬರುತ್ತೇನೆ. ಅದರ ಬಾಗಿಲಲ್ಲಿ ನಾವು ಅಂಜಿ ನಿಂತಾಗ ನಾಗೇಶ್ ಅಭ್ಯಾಸಬಲದಿಂದ, “ಬಾಗ್ಲಾಗೆ ನಿಂತ್ಕಾಬ್ಯಾಡ್ರಿ, ಒಳಗೆ ಜಾಗ ಐತಿ” ಎಂದು ನಮ್ಮನ್ನು ಒಳಗೆ ತಳ್ಳಿದ. ಆರು ಗಾಬ್ಲಿನ್‌ಗಳು ಊಟಕ್ಕೆ ಕೂತಿದ್ದವು. ಅವು ಮೈಮರೆತು ಉಣ್ಣುತ್ತಿರುವಾಗಲೇ ಮೇಲೆ ಬೀಳುವುದು ಹೊಸ ಆಟಗಾರರಿಗೆ ಲಾಭದಾಯಕ ಎಂದು ತಾವು ಚೌಕಟ್ಟು ಹಾಕಿ ಅಚ್ಚು ಮಾಡಿಸಿದ್ದೀರಿ.

ಎಂಥ ದೂರದೃಷ್ಟಿ! ನಮ್ಮಲ್ಲಾದರೋ ಬದುವಿನ ಜಗಳಕ್ಕೆ ಹತ್ತು ವರ್ಷ ಮಾತು ಬಿಟ್ಟ ದಾಯಾದಿಯೂ, ಎದುರಾಳಿ ಎಲೆಯ ಮುಂದೆ ಕೂತಿದ್ದರೆ ಜಗಲಿಯಲ್ಲಿ ಕಾದು, ಅವನು ಕೈ ತೊಳೆದು ಬಂದ ಮೇಲೆಯೇ ಬಾಯಿಗೆ ಬಂದಂತೆ ಬೈಯುತ್ತಾನೆ. ಇಂಥ ಹಿಂದುಳಿದ ಜನರನ್ನು ಉದ್ಧರಿಸಲು ತಮ್ಮಂಥವರೇ ಗುಹೆ ತೋಡಬೇಕಾಯಿತು.

ದಿವ್ಯ ತಮ್ಮ ಸಲಹೆಯನ್ನು ಓದುತ್ತಿದ್ದಂತೆ ವರದಮ್ಮ ಖಡ್ಗ ಒರೆಗೆ ಸೇರಿಸಿದರು. “ಉಣ್ಣಾಕೆ ಕುಂತೋರ ಮ್ಯಾಲೆ ಕೈ ಎತ್ತಬಾರ್ದು ಕಣ್ರೀ ಟೀಚರ್. ಅವ್ರದ್ದು ಆಗ್ಲಿ, ಕಾಯಾಣ” ಎಂದರು. ಆಟಗಾರರು ಕಾದರೆ ಏನು ಮಾಡಬೇಕೆಂದು ದಿವ್ಯ ಪುಸ್ತಕವನ್ನೆಲ್ಲ ತಿರುವಿ ಹಾಕಿದಳು. ಅಂಥ ಪ್ರಸಂಗ ತಮ್ಮ ಕಲ್ಪನೆಗೇ ಬಂದಿರಲಿಲ್ಲ. ಅವು ಉಂಡು ಮುಗಿಸಲಿ ಎಂದು ನಾವೂ ಒಂದೊಂದು ಲೋಟ ಚಹಾ ಕುಡಿದೆವು.

ಉಂಡೆದ್ದ ತಮ್ಮ ಗಾಬ್ಲಿನ್‌ಗಳು ಕೈಯನ್ನೂ ತೊಳೆಯದೆ ಈಟಿ ಎತ್ತಿಕೊಂಡವು. ಮುಂದೆ ನಿಂತಿದ್ದವಳು ಸುಂಕಲಮ್ಮ. ಅವಳ ಜೀವ ಏಳು, ಬಿದ್ದ ಏಟು ಎಂಟು. ದಿವ್ಯ ದಾಳವನ್ನು ಎರಡು ಸಲ ನೋಡಿ, ಸುಂಕಲಮ್ಮ ಸತ್ತಳು ಎಂದಳು. ವರದಮ್ಮ ಸೆರಗು ಸರಿಮಾಡಿಕೊಂಡು ಎದ್ದು, “ಹೋಗ್ಲಿ ಬಿಡ್ರೀ. ಉಂಡಾದ್ರೂ ಹೋಗಿದ್ರೆ ಚೊಲೋ ಇತ್ತು” ಎಂದರು. ಮುಂದಿನ ಭಾನುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಇಲ್ಲ. ಕರೆದರೆ ಒಲೆಯ ಮೇಲೆ ಸಾರಿದೆ ಎನ್ನುತ್ತಾರೆ. ನನಗೆ ಸಿಟ್ಟು ಬಂದಿದೆ, ಸಂಕಟವೂ ಆಗಿದೆ. ಎರಡನ್ನೂ ಬಚ್ಚಿಡುವ ವಯಸ್ಸು ನನ್ನದಲ್ಲ.

ಆದ್ದರಿಂದ ತಮ್ಮಲ್ಲಿ ಕೆಲವು ಅರಿಕೆಗಳು. ಮುಂದಿನ ಮುದ್ರಣದಲ್ಲಿ ಮೂರನೆಯ ಕೊಠಡಿಗೆ ಒಂದು ಕೈ ತೊಳೆಯುವ ನಲ್ಲಿ ಹಾಕಿಸಬೇಕು. ಕೊಂದವರಿಗೆ ಕೊಡುವ ಅನುಭವದ ಅಂಕವನ್ನು ಕಾದವರಿಗೂ ಕೊಡಬೇಕು, ಏಕೆಂದರೆ ಹಸಿದು ಕಾಯುವ ಅನುಭವ ವರದಮ್ಮನವರಿಗೆ ಇರುವಷ್ಟು ತಮ್ಮ ಡ್ರ್ಯಾಗನ್ನಿಗೂ ಇರಲಾರದು. ಆ ಆರು ಗಾಬ್ಲಿನ್‌ಗಳು ಶಿಕಾರಿಪುರಕ್ಕೆ ಬಂದು ವರದಮ್ಮನವರ ಕ್ಷಮೆ ಕೇಳಬೇಕು, ಶಿವಮೊಗ್ಗದಿಂದ ಬಸ್ಸುಗಳಿವೆ.

ಇದಾವುದೂ ಆಗದಿದ್ದರೂ ಚಿಂತೆಯಿಲ್ಲ. ನಿನ್ನೆ ನಾನು ಸುಂಕಲಮ್ಮನ ಹಾಳೆಯನ್ನು ವರದಮ್ಮನವರ ಅಡುಗೆಮನೆಗೇ ಒಯ್ದು ಕೈಗೆ ಕೊಟ್ಟೆ. ರಿಜಿಸ್ಟರಿನಲ್ಲಿ ಪೆನ್ನಿನ ನಮೂದು ಬದಲಾಗಬೇಕಾದರೆ ಅಡ್ಡಗೆರೆ ಎಳೆದು, ಪಕ್ಕದಲ್ಲಿ ಮೇಲಧಿಕಾರಿ ದಿನಾಂಕ ಸಹಿತ ರುಜು ಹಾಕಬೇಕೆಂಬುದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ. ದಿವ್ಯ ಹಾಕಿಲ್ಲ, ನಾನಂತೂ ಹಾಕುವುದಿಲ್ಲ. ಉಳಿದ ಮೇಲಧಿಕಾರಿ ತಾವೊಬ್ಬರೇ. ವರದಮ್ಮ ಕನ್ನಡಕ ಏರಿಸಿಕೊಂಡು ಏಳು ಎಂಬುದರ ಮೇಲೆ ಬೆರಳಾಡಿಸಿದರು. “ಹೊಡ್ದಾಕಿಲ್ಲಲ್ರೀ ಟೀಚರ್. ಹಂಗಾದ್ರೆ ಜೀವ ಐತಿ ಅಂತಾತು” ಎಂದು ಒಲೆ ಆರಿಸಿದರು. ಈ ಭಾನುವಾರ ಬರುತ್ತಾರೆ.

ತಮ್ಮ ರುಜುವಿಗಾಗಿ ಯಾವ ಆತುರವೂ ಇಲ್ಲದ,
ತಮ್ಮ ವಿಶ್ವಾಸಿ,
ವಾಗ್ದೇವಿ

ತಾ.ಕ.: ತಿದ್ದುಪಡಿಗೆ ತಾವೇ ಖುದ್ದಾಗಿ ಬರುವುದಾದರೆ ಭಾನುವಾರ ಊಟದ ಹೊತ್ತಿಗೆ ಬನ್ನಿ, ರೊಟ್ಟಿ ಎಣ್ಣೆಗಾಯಿ ಇರುತ್ತದೆ. ಮೊದಲ ಪಂಕ್ತಿಯಲ್ಲಿ ವರದಮ್ಮನವರು ಒಬ್ಬರೇ ಕೂರುತ್ತಾರೆ, ನಾಗೇಶ್ ಬಡಿಸುತ್ತಾನೆ. ತಮಗೆ ಎರಡನೆಯದರಲ್ಲಿ ಜಾಗ ಹಿಡಿದಿರುತ್ತೇವೆ. ತಾವು ಉಣ್ಣುವಷ್ಟು ಹೊತ್ತು ಇಲ್ಲಿ ಯಾರೂ ತಮ್ಮ ಮೇಲೆ ಕೈ ಎತ್ತುವುದಿಲ್ಲ. ನಿಧಾನವಾಗಿ ಉಣ್ಣಿ.