ಫಕೀರೇಶ ಬೂದಿಹಾಳನ ನೊಣಸೇನೆ

ಏಕಕೋಶದಿಂದ ಏಕಾಕಿನಿಯಾಗಿ ಹೊರಟು, ಈಜಿ, ತೆವಳಿ, ಹಾರಿ, ಕಟ್ಟಕಡೆಗೆ ಎಂ.ಎಸ್ಸಿ. ವಿದ್ಯಾರ್ಥಿಯವರೆಗೆ ಬಂದು ದಣಿದು ಕುಳಿತ ಓ ಜೀವವಿಕಾಸಮಹಾದೇವಿಯೇ! ವಿಶ್ವವಿದ್ಯಾಲಯದ ಪ್ರಯೋಗಶಾಲೆಯು ಕೊಳೆತ ಬಾಳೆಹಣ್ಣಿನಿಂದ ಘಮಘಮಿಸುತ್ತಿದ್ದ ಆ ಮಹಾಯುಗದಲ್ಲಿ, ಶೀಶಾಪಾಣಿಯೂ ಹತ್ತಿಬಿರಡೆಧರನೂ ಅಸಂಖ್ಯಮಕ್ಷಿಕಾಕುಲಪಾಲಕನೂ ಆದ ಫಕೀರೇಶ ಬೂದಿಹಾಳನ ಪರಾಕ್ರಮವನ್ನು ಹಾಡಲು ನನ್ನ ನಾಲಗೆಗೆ ಬಲ ಕೊಡು!

ಗಾಜಿನ ಕೊಳವೆಯ ಬುಡದಿಂದ ತುದಿಗೆ ಬೇಗ ಏರುವ ನೊಣಕ್ಕೆ ಮಾತ್ರ ಸಂತಾನಭಾಗ್ಯ. ಹೀಗೆ ತಲೆಮಾರಿನಿಂದ ತಲೆಮಾರಿಗೆ ಆರಿಸಿ ಆರಿಸಿ, ಭೂಮಂಡಲದಲ್ಲೇ ಅತಿವೇಗದ ನೊಣಕುಲವನ್ನು ಸೃಷ್ಟಿಸುವೆನೆಂಬುದು ಆ ವೀರನ ಪಣ. ಸಿದ್ಧಿಸಿದರೆ ಪದವಿ. ಇಲ್ಲದಿದ್ದರೆ ಮತ್ತೊಂದು ವರ್ಷ ಅದೇ ಬೆಂಚು, ಅದೇ ವಾಸನೆ. ಪಾಪ, ಪರೀಕ್ಷೆಯ ದಿನ ಅವನು ಬಿರಡೆಗಳನ್ನು ಮತ್ತೆ ಮತ್ತೆ ಒತ್ತಿ ನೋಡುತ್ತಿದ್ದ.

ಎದುರಿಗೆ ನಿಂತವಳು ಸಹಪಾಠಿ ಚಂದನಬಾಲಾ ಉಪಾಧ್ಯೆ. ಹೋಲಿಕೆಗೆಂದು ಯಾವುದನ್ನೂ ಆರಿಸದೆ ಸಾದಾ ನೊಣಗಳನ್ನು ಸಾಕಿದವಳು. ಭಯ ಮುಚ್ಚಲು ಫಕೀರೇಶನು ಗರ್ಜಿಸಿದ: "ಎಲೆಲೇ ಚಂದನಾ! ನನ್ನ ನೊಣಾ ತುದಿ ಮುಟ್ಟಿ, ಚಾ ಕುಡದು, ವಾಪಸ್ ಬರೂದ್ರಾಗ ನಿನ್ನವು ಇನ್ನೂ ಕಣ್ಣ ತಿಕ್ಕೋತಿರ್ತಾವ!"

"ಬಾಯಿ ಸಾಕ್ ಮಾಡೋ, ಕೊಳವಿ ಹಿಡಿ," ಎಂದಳು ಅವಳು.

ಪ್ರೊಫೆಸರ್ ಹೆಬಸೂರ ಮೇಡಂ ಕೈ ಎತ್ತಿದರು. ಕೊಳವೆಗಳನ್ನು ಬೆಂಚಿಗೆ ಟಪ್ಪೆಂದು ಬಡಿದು ನೊಣಗಳನ್ನೆಲ್ಲ ಬುಡಕ್ಕೆ ಕೆಡವಿದ್ದಾಯಿತು. ದಿಕ್ಕುಗಳು ಸ್ತಬ್ಧವಾದವು, ಪವಮಾನನೂ ಉಸಿರು ಬಿಗಿಹಿಡಿದ, ಏಕೆಂದರೆ ಕರೆಂಟು ಹೋಗಿ ಫ್ಯಾನು ನಿಂತಿತ್ತು. ಚಂದನಾಳ ಸಾದಾ ನೊಣಗಳು ಸರಸರನೆ ತುದಿಗೇರಿದವು. ಫಕೀರೇಶನ ಮಹಾಸೇನೆಯು ಬುಡದಲ್ಲೇ ಕೂತು ಕಾಲು ಉಜ್ಜಿಕೊಂಡಿತು. ಒಂದು ನೊಣ ಎದ್ದಿತು. ಅವನು ಕೊಳವೆಗೆ ಮೂಗು ಒತ್ತಿದ. ಅದು ತುಸು ನಡೆದು, ಬೇಸರವಾಗಿ, ಮತ್ತೆ ಕೂತುಬಿಟ್ಟಿತು.

"ಫಕೀರೇಶ, ಆರಿಸೂವಾಗ ಬಿರಡಿ ತಗದ್ರ ತುದ್ಯಾಗ ಕುಂತವು ಏನ್ ಮಾಡ್ತಿದ್ದವು?" ಮೇಡಂ ಕೇಳಿದರು.

"ಪುರ್ ಅಂತ ಹಾರಿ ಹೋಗ್ತಿದ್ದವು ಮೇಡಂ. ಉಳದವು ಸಾಕಂತ ಅವನ್ನ ಸಂತಾನಕ್ಕ ಬಿಟ್ಟೆ."

"ಹಾರಿ ಹೋದವ ಚುರುಕಿನವು ಅಲ್ಲೇನೋ! ಇಷ್ಟ ದಿನಾ ಬರೇ ಮೈಗಳ್ಳರ ಮದುವಿ ಮಾಡಿಸಿದಿ!"

ಚಂದನಾ ನಗು ತಡೆಯಲಾರದೆ ಬೆಂಚು ಹಿಡಿದುಕೊಂಡಳು. ಅಸಂಖ್ಯಮಕ್ಷಿಕಾಕುಲಪಾಲಕನ ಕಣ್ಣು ತುಂಬಿ ಬಂತು. "ಹಂಗಾರ ನನ್ನ ಪದವಿ, ಮೇಡಂ?"

"ವಿಕಾಸ ಆಗೇದಲ್ಲಪಾ, ಭಾಳ ಛಂದ ಆಗೇದ. ಪ್ರಬಂಧದಾಗ 'ಅತಿವೇಗದ' ಅನ್ನೂದು ಹೊಡದ್ಹಾಕು, 'ಅತಿಸೋಮಾರಿ' ಅಂತ ಬರಿ. ಪಾಸ್."

ಫಕೀರೇಶನು ತ್ರಿಲೋಕವೂ ನಡುಗುವಂತೆ ಕುಣಿದ. ಕುಣಿತದ ಭರಕ್ಕೆ ಅವನ ಕೊಳವೆ ಉರುಳಿ ಬಿರಡೆ ಕಳಚಿಬಿತ್ತು. ಮೂವರೂ ಹೌಹಾರಿ ಬಾಗಿಲು ಕಿಟಕಿ ಮುಚ್ಚಲು ಓಡಿದರು.

ಒಂದು ನೊಣವೂ ಹೊರಗೆ ಬರಲಿಲ್ಲ.