ಏಳು ಹೊಲಿಗೆಯ ನಾಲಿಗೆ

ಚಪ್ಪಲಿಗೆ ಹೊಕ್ಕ ಮುಳ್ಳು ತೆಗೆಯಲು ಲಖ್ದರ್ ಬಗ್ಗಿದ. ಎರಡೂ ಕೈ ಬೇಕಾಗಿತ್ತು, ಹಾಗಾಗಿ ನಾಯಿ ಬರ್ಗ್‌ನ ಹಗ್ಗವನ್ನು ಕಾಲಡಿಯಲ್ಲಿ ಒತ್ತಿಕೊಂಡ. ಅದೇ ಗಳಿಗೆಗೆ ಹುಲ್ಲುಗಿಡದ ಮರೆಯಿಂದ ಮೊಲವೊಂದು ಚಿಮ್ಮಿತು. ಮೊಲ ಮುಂದೆ, ಬರ್ಗ್ ಹಿಂದೆ, ಲಖ್ದರ್ ನೆಲದ ಮೇಲೆ.

ಬರ್ಗ್ ಅವನದಲ್ಲ. ಕುರಿ ವ್ಯಾಪಾರಿ ಹಾಜಿ ಅಮ್ಮಾರ್ ಅವರದು. ಅದನ್ನು ನಾಯಿ ಎಂದರೆ ಹಾಜಿಗೆ ಸಿಟ್ಟು. ನಾಯಿ ಬೀದಿಯಲ್ಲಿರುತ್ತದೆ, ಇದು ಸ್ಲೂಗಿ, ಕಣ್ಣಿಗೆ ಬಿದ್ದದ್ದನ್ನು ಬಿಡದ ಬೇಟೆಯ ಜಾತಿ. ಟಗರು ನೋಡಲು ದೂರದ ಊರಿಗೆ ಹೊರಟ ಹಾಜಿ ಈ ಶುಕ್ರವಾರದ ಮಟ್ಟಿಗೆ ಅದನ್ನು ಭಾವಿ ಅಳಿಯನಿಗೆ ಒಪ್ಪಿಸಿದ್ದರು. ಮಾತಿಲ್ಲ. ಹಗ್ಗ ಕೈಗಿಟ್ಟು, ಒಂದು ಬೆರಳೆತ್ತಿ ತೋರಿಸಿ, ಟ್ರಕ್ ಹತ್ತಿದ್ದರು.

ಉಣ್ಣೆಯ ಬೆಲೆ, ಮಳೆ, ಮಂಡಿನೋವು ಇವುಗಳ ಮೇಲೆ ಗಂಟೆಗಟ್ಟಲೆ ಮಾತಾಡುವ ಹಾಜಿ, ನೀರಿನ ಮೀಟರ್ ಓದುವ ಲಖ್ದರನ ವಿಷಯ ಬಂದರೆ ಮಾತ್ರ ಕೆಮ್ಮಿ ಸುಮ್ಮನಾಗುತ್ತಿದ್ದರು. ಮೂರು ತಿಂಗಳ ಹಿಂದೆ ಅವರ ಮಗಳು ಖೈರಾಳನ್ನು ಕೇಳಲು ಹೋದ ಹಿರಿಯರು ಆ ಮೌನವನ್ನೇ ಒಪ್ಪಿಗೆ ಎಂದುಕೊಂಡು, ಫಾತಿಹಾ ಪ್ರಾರ್ಥನೆ ಓದಿ, ಕಾಫಿ ಕುಡಿದು ಬಂದಿದ್ದರು. ಬರುವ ಗುರುವಾರ ಮದುವೆ. ನಾಯಿ ಕಳೆದರೆ ಅದೂ ಕಳೆಯಿತು ಎಂದು ಲಖ್ದರನಿಗೆ ಯಾರೂ ಹೇಳಬೇಕಿರಲಿಲ್ಲ.

ಅವನು ಎದ್ದು ಓಡಿದ. ಮರಳುಗಾಳಿ ಎದ್ದಿತ್ತು. ಬೆಳಗಿನ ಹತ್ತು ಗಂಟೆಗೇ ಸೂರ್ಯ ಹಳಸಿದ ಮೊಟ್ಟೆಯ ಹಳದಿಯಂತೆ ಕದಡಿಹೋಗಿದ್ದ. ಹೆಜ್ಜೆಗುರುತು ಊರಾಚೆಯ ಸ್ಮಶಾನದ ಮುರಿದ ಗೋಡೆ ದಾಟಿತ್ತು. ಒಳಗೆ, ಹೆಸರು ಅಳಿಸಿದ ಗೋರಿಯೊಂದರ ತಲೆಗಲ್ಲಿನ ಬಳಿ ಬರ್ಗ್ ಒಂದು ಕಾಲೆತ್ತಿ ಕಲ್ಲಾಗಿ ನಿಂತಿತ್ತು. ಮೊಲ ಹತ್ತು ಹೆಜ್ಜೆ ದೂರದಲ್ಲೇ ಕೂತು ಮೂಗಾಡಿಸುತ್ತಿದ್ದರೂ ಅದರತ್ತ ತಿರುಗಲಿಲ್ಲ. ಗೋರಿಯನ್ನೇ ನೋಡಿತು. ಆಮೇಲೆ ಸದ್ದಿಲ್ಲದೆ ಕೆರೆಯತೊಡಗಿತು.

"ಬೇಡ ಕಣೋ, ಕೈ ಮುಗೀತೀನಿ, ಅಲ್ಲಿ ಬೇಡ!"

ಬರ್ಗ್ ಕರಿಬಟ್ಟೆಯ ಗಂಟೊಂದನ್ನು ಎಳೆದು ಅವನ ಕಾಲ ಬಳಿ ಇಟ್ಟಿತು. ಬಟ್ಟೆ ಹರಿದಿತ್ತು. ಒಳಗಿಂದ ಅವನದೇ ಮುಖ ಅವನನ್ನು ನೋಡುತ್ತಿತ್ತು.

ಗುರುತಿನ ಚೀಟಿಗೆ ತೆಗೆಸಿದ ಫೋಟೊ. ಅದಕ್ಕೆ ಅಂಟಿಕೊಂಡು ಒಣಗಿ ಕಪ್ಪಾದ ಕುರಿಯ ನಾಲಿಗೆ, ಅಂಚಿನುದ್ದಕ್ಕೂ ಕೆಂಪು ದಾರದ ಏಳು ಹೊಲಿಗೆ.

ಅವನು ಕಿರುಚಿದ್ದಕ್ಕೆ ಸ್ಮಶಾನದ ಕಾವಲುಗಾರ ರಾಬಹ್ ಬಂದ. ಗಂಡನ ಗೋರಿಗೆ ನೀರು ಹಾಕುತ್ತಿದ್ದ ಫತ್ತೂಮಜ್ಜಿಯೂ ಬಂದಳು.

"ಮಾಟ!" ಎಂದ ರಾಬಹ್, ಲಾಟರಿ ಹೊಡೆದವನ ದನಿಯಲ್ಲಿ. "ಈ ವರ್ಷ ಇದು ಒಂಬತ್ತನೇದು. ಆದ್ರೆ ಇಷ್ಟು ಅಚ್ಚುಕಟ್ಟಾದ ಕೆಲಸ ನಾನು ನೋಡಿಲ್ಲ."

"ನಿನ್ನ ನಾಲಿಗೆ ಕಟ್ಟಿದಾರೆ ಮಗಾ," ಎಂದಳು ಅಜ್ಜಿ. "ಅದಕ್ಕೇ ಆಫೀಸಿನ ಸಾಹೇಬರ ಮುಂದೆ ನೀನು ಬೆಬ್ಬೆಬ್ಬೆ ಅನ್ನೋದು."

"ಸಾಹೇಬರ ಮುಂದೆ ಎಲ್ರೂ ಹಾಗೇ ಅಂತಾರಲ್ಲ, ಅಜ್ಜಿ?"

"ಬಾಯ್ಮುಚ್ಚು. ನಿನ್ನ ಬಾಯಿ ಬಿಡಿಸ್ತಾ ಇದೀನಿ."

ದೇವರ ಹೆಸರು ಹೇಳಿ ಅಜ್ಜಿ ಒಂದೊಂದೇ ಹೊಲಿಗೆ ಕತ್ತರಿಸಿದಳು. ಏಳನೆಯದು ಬಿಚ್ಚುತ್ತಲೇ ಗಾಳಿ ತಟ್ಟನೆ ನಿಂತಿತು. ಎದ್ದ ಧೂಳು ಎದ್ದಲ್ಲೇ ತೂಗಿತು. ಎಂದೂ ಬೊಗಳದ ಬರ್ಗ್ ಕತ್ತೆತ್ತಿ ಉದ್ದಕ್ಕೆ ಊಳಿಟ್ಟಿತು. ಊಳು ಮುಗಿಸಿದ ಬರ್ಗ್, ಅಜ್ಜಿಯ ಕೈಯಿಂದ ನಾಲಿಗೆಯನ್ನು ಕಿತ್ತು ಗುಳುಂ ಎಂದು ನುಂಗಿತು.

"ಮುಗೀತು. ಇನ್ನು ಯಾವನೂ ಮತ್ತೆ ಕಟ್ಟೋಕಾಗಲ್ಲ ಬಿಡು," ಎಂದ ರಾಬಹ್.

ಲಖ್ದರನ ಎದೆ ಹಗುರಾಯಿತು. ಮೂವತ್ತಾರು ವರ್ಷದ ದುರದೃಷ್ಟಕ್ಕೆಲ್ಲ ಕಡೆಗೂ ಒಂದು ಕಾರಣ ಸಿಕ್ಕಿತ್ತು. ಬರ್ಗ್‌ಗೆ ಗೀರು ಸಹ ಆಗಿರಲಿಲ್ಲ. ಸಂಜೆ ಹಾಜಿಯ ಮನೆ ಬಾಗಿಲಲ್ಲಿ ಹಗ್ಗ ಒಪ್ಪಿಸುತ್ತ, ಬಾಗಿಲ ಸಂದಿಯಲ್ಲಿ ಕಂಡ ಖೈರಾಗೆ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದ.

ಖೈರಾಳ ಮುಖ ಸುಣ್ಣದಂತಾಯಿತು.

"ಹೊಲಿಗೆ?"

"ಎಲ್ಲ ಬಿಚ್ಚಿದ್ವಿ."

"ನಾಲಿಗೆ?"

ಲಖ್ದರ್ ನಾಯಿಯತ್ತ ನೋಡಿದ. ನಾಯಿ ತುಟಿ ಸವರಿಕೊಂಡಿತು.

"ಅಯ್ಯೋ ನನ್ನ ಕರ್ಮವೇ! ಅದು ಯಾರ ನಾಲಿಗೆ ಅಂತ ಒಬ್ರಿಗಾದ್ರೂ ಹೊಳೀಲಿಲ್ವಾ?"

"ಕುರೀದು."

"ನಮ್ಮಪ್ಪಂದು! ನಿಮ್ಮ ಬಗ್ಗೆ ಅವರು ಬಾಯಿ ಬಿಡಬಾರದು ಅಂತ ಫೋಟೊ ಇಟ್ಟು ಹೊಲಿದು ಹೂತಿದ್ದೆ. ಇಲ್ದಿದ್ರೆ ನಿಮ್ಮಂಥವರನ್ನ ಅವರು ಒಪ್ತಿದ್ರಾ? ಏಳು ಸಲ ಸೂಜಿ ಚುಚ್ಚಿಕೊಂಡಿದೀನಿ ರೀ!"

"ಓದಿದವರು ಇಂಥದ್ದನ್ನೆಲ್ಲ ನಂಬ್ತಾರಾ..." ಎಂದು ಅವನು ನಗಲು ನೋಡಿದ.

ಹಿಂದೆ ಟ್ರಕ್ ನಿಂತಿತು. ಹಾಜಿ ಅಮ್ಮಾರ್ ಇಳಿದರು. ಕಣ್ಣು ಹೊಳೆಯುತ್ತಿತ್ತು. ನಾಯಿಯ ಬೆನ್ನು ಸವರಿ, ಲಖ್ದರನ ಹೆಗಲ ಮೇಲೆ ಕೈಯಿಟ್ಟರು.

"ಮೂರು ತಿಂಗಳಿಂದ ನಿನಗೆ ಒಂದು ಮಾತು ಹೇಳಬೇಕು ಅಂತಿದ್ದೆ ಕಣಯ್ಯಾ. ಗಂಟಲಲ್ಲೇ ಸಿಕ್ಕೊಳ್ಳೋದು. ಇವತ್ತು ಬೆಳಿಗ್ಗೆ ಹತ್ತೂವರೆ ಹೊತ್ತಿಗೆ, ದಾರೀಲಿ, ಯಾರೋ ಬಾಯೊಳಗೆ ಕೈ ಹಾಕಿ ಗಂಟು ಬಿಚ್ಚಿದಂಗಾಯ್ತು."

ಮುಸ್ಸಂಜೆ ನಮಾಜಿನ ಕರೆ ಕೇಳುವವರೆಗೂ ಹಾಜಿ ಮಾತಾಡಿದರು. ಮೊದಲ ಮಾತು 'ಆಗಲ್ಲ' ಎಂಬುದಾಗಿತ್ತು. ಉಳಿದದ್ದೆಲ್ಲ ಅದರ ವಿವರಣೆ.